ಯಂತ್ರ ನಂಬಿದ ಕೈ

ಮನೆಯವರು ಮಾಡುವ ಕೆಲಸ ಒಂದೇ ಉಸಿರಿನಲ್ಲಿ ಹೇಳುವ ಹಾಗಿರಬೇಕು. ಮೇಷ್ಟ್ರು, ಕಂಡಕ್ಟರು ಎಂದರೆ ಕೇಳಿದವರು ತಲೆಯಾಡಿಸಿ ಕಾಫಿ ಕುಡಿಯುತ್ತಾರೆ. ನನ್ನ ಸೊಸೆ ಶೋಭಾಳ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಮೊದಲು ಕೆಮ್ಮುತ್ತೇನೆ, ಆಮೇಲೆ ಹಿತ್ತಲಲ್ಲಿ ಏನೋ ನೆನಪಾದವಳ ಹಾಗೆ ಎದ್ದು ಹೋಗುತ್ತೇನೆ. ಸಾಫ್ಟ್‌ವೇರ್ ಇಂಜಿನಿಯರ್ ಎಂದು ಮುಗಿಸಬಹುದು, ಆದರೆ ಗೌನಿಪಲ್ಲಿಯ ನೆಂಟರು ಅಷ್ಟಕ್ಕೆ ಬಿಡುವವರಲ್ಲ. ಯಂತ್ರಕ್ಕೆ ಬುದ್ಧಿ ಕಲಿಸುತ್ತಾಳೆ ಎಂದರೆ, "ಮೊದ್ಲು ನಿನ್ ಮಗನಿಗೆ ಕಲಿಸೋಕೆ ಹೇಳಮ್ಮ" ಎನ್ನುತ್ತಾರೆ. ಅದೂ ಸರಿಯೇ.

ಮಗನಿಗೆ ಇಲ್ಲೇ ಹಾಲಿನ ಡೈರಿಯಲ್ಲಿ ಕೆಲಸ. ಹಾಗಾಗಿ ಶೋಭಾ ನಮ್ಮ ನಡುಮನೆಯಲ್ಲಿ ಕುಳಿತೇ ಬೆಂಗಳೂರಿನ ಕಂಪನಿಗೆ ದುಡಿಯುತ್ತಾಳೆ. ಮಾವಿನಹಣ್ಣನ್ನು ಕ್ಯಾಮೆರಾದಲ್ಲಿ ನೋಡಿ ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು ತೋರಿಸುವ ಯಂತ್ರ ಅವಳದು. ಒಂದು ದಿನ ಪಕ್ಕದಲ್ಲಿ ಕುಳಿತು ಕೇಳಿದೆ.

"ಏನಂತಮ್ಮ ನಿನ್ ಯಂತ್ರ?"

"ಈ ಹಣ್ಣು ನೂರಕ್ಕೆ ತೊಂಬತ್ತು ಪಾಲು ಚೆನ್ನಾಗಿದೆ ಅಂತಿದೆ ಅತ್ತೆ."

"ಮಿಕ್ಕಿದ್ದು?"

"ಅದಕ್ಕೆ ಗ್ಯಾರಂಟಿ ಇಲ್ಲ. ಎಲ್ಲಾ ಅಂದಾಜು."

"ಅಂದಾಜು ಹೇಳೋಕೆ ಸಂಬಳ ಕೊಡ್ತಾರಾ? ನಿಮ್ಮಾವ ಬದುಕಿದ್ದಷ್ಟು ದಿನ ಪುಕ್ಕಟೆ ಹೇಳಿದ್ರಲ್ಲೇ."

ಅವಳು ನಕ್ಕು ನನ್ನನ್ನೂ ಆ ಕೆಲಸಕ್ಕೆ ಎಳೆದಳು. ಯಂತ್ರ ತಾನಾಗಿ ಏನೂ ಕಲಿಯುವುದಿಲ್ಲವಂತೆ. ಒಳ್ಳೆಯ ಹಣ್ಣಿನ ಫೋಟೋ, ಕೆಟ್ಟ ಹಣ್ಣಿನ ಫೋಟೋ ರಾಶಿ ರಾಶಿ ತೋರಿಸಿದರೆ ಎರಡಕ್ಕೂ ಏನು ವ್ಯತ್ಯಾಸ ಎಂದು ಅದೇ ಹುಡುಕಿಕೊಳ್ಳುತ್ತದಂತೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಣ್ಣು ಆರಿಸಿ ಮುದುಕಿಯಾದವಳು ನಾನು, ಆರಿಸುವುದು ನನ್ನ ಪಾಲಿಗೆ ಬಂತು. ಮಂಡಿಯಲ್ಲಿ ಒಂದು ರೂಢಿ ಇದೆ. ಒಳ್ಳೆಯ ಹಣ್ಣನ್ನು ಅಂಗೈ ಮೇಲಿಟ್ಟು ವ್ಯಾಪಾರಿಯ ಮುಖಕ್ಕೆ ಹಿಡಿಯುತ್ತೇವೆ. ಕೊಳೆತದ್ದನ್ನು ಮುಟ್ಟುವುದಿಲ್ಲ, ಕಾಲಿನಲ್ಲಿ ಅತ್ತ ತಳ್ಳುತ್ತೇವೆ. ನಾನು ಹಾಗೇ ಮಾಡಿದೆ, ಅವಳು ಹಾಗೇ ಫೋಟೋ ತೆಗೆದಳು. ಒಂದು ಸುಗ್ಗಿ ಪೂರ್ತಿ ನಡೆಯಿತು ಈ ಪಾಠ.

ಮುಂದಿನ ಸುಗ್ಗಿಗೆ ಅವಳ ಸಾಹೇಬರು ಯಂತ್ರದ ಪರೀಕ್ಷೆಗೆ ಬರುತ್ತಾರೆ ಎಂದಾಯಿತು. ಪಾಸಾಗದಿದ್ದರೆ ಮನೆಯಲ್ಲಿ ಕೂತು ಮಾಡಿದ್ದು ಸಾಕು, ಆಫೀಸಿಗೆ ಬನ್ನಿ ಎನ್ನುತ್ತಾರಂತೆ. ಹೋದರೆ ಹೋಗಲಿ ಎನ್ನುತ್ತಿದ್ದೆನೇನೋ. ಆದರೆ ಅವಳು ಬಂದ ಮೇಲೆ ಮುದ್ದೆ ಕೋಲು ನನ್ನ ಕೈ ಬಿಟ್ಟಿದೆ, ಅದನ್ನು ಮತ್ತೆ ಹಿಡಿಯುವ ಆಸೆ ನನಗಿರಲಿಲ್ಲ. ನನ್ನ ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆ ಎಂದು ಮಗ ಡೈರಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾನೆ. ಅವನಿಗೂ ಆಸೆ ಇರಲಿಲ್ಲ.

ಸಾಹೇಬರು ಬಂದರು. ಚಿಕ್ಕ ವಯಸ್ಸು, ಮೀಸೆ ಇನ್ನೂ ಸರಿಯಾಗಿ ಕೂತಿರಲಿಲ್ಲ. ಶೋಭಾ ಕ್ಯಾಮೆರಾದ ಮುಂದೆ ಮೇಜಿನ ಮೇಲೆ ಒಂದು ಒಳ್ಳೆಯ ತೋತಾಪುರಿ ಇಟ್ಟಳು. ಕೆಂಪು. ಇನ್ನೊಂದು ಇಟ್ಟಳು. ಅದೂ ಕೆಂಪು. ಬಾದಾಮಿ ಇಟ್ಟರೂ ಕೆಂಪು. ಅವಳ ಮುಖ ಇಳಿಯಿತು. ನನಗೆ ಕಣ್ಣ ಮುಂದೆ ಮುದ್ದೆ ಕೋಲು ಬಂತು. ಎದ್ದು ಹೋಗಿ ಆ ತೋತಾಪುರಿಯನ್ನೇ ಎತ್ತಿ ಕ್ಯಾಮೆರಾಗೆ ಹಿಡಿದು, "ಸರ್ಯಾಗ್ ನೋಡೋ ಮೂದೇವಿ" ಎಂದೆ. ಹಸಿರು ಬಂತು.

"ಅಜ್ಜಿ ಬೈದ್ರೆ ಕೇಳುತ್ತೆ" ಎಂದು ಸಾಹೇಬರು ನಕ್ಕರು. ಆಮೇಲೆ ಒಂದು ಕೊಳೆತ ಹಣ್ಣನ್ನು ನನ್ನ ಅಂಗೈಗಿಟ್ಟರು. ಹಸಿರು. ನನ್ನ ಕನ್ನಡಕದ ಡಬ್ಬಿ ಹಿಡಿದೆ. ಅದೂ ಒಳ್ಳೆಯ ಮಾವಿನಹಣ್ಣೇ ಎಂದಿತು.

ಶೋಭಾ ತಲೆಗೆ ಕೈಯಿಟ್ಟುಕೊಂಡಳು. "ಅತ್ತೆ, ಇದು ಹಣ್ಣು ನೋಡ್ತಾನೇ ಇಲ್ಲ. ನಿಮ್ ಕೈ ನೋಡ್ತಿದೆ. ಕೈ ಇದ್ರೆ ಒಳ್ಳೇದು, ಇಲ್ದಿದ್ರೆ ಕೆಟ್ಟದ್ದು ಅಂತ ಕಲ್ತಿದೆ."

"ನನ್ ತಪ್ಪೇನಮ್ಮ? ಕೊಳೆತಿದ್ದು ಯಾರ್ ಮುಟ್ತಾರೆ?"

ಸುಗ್ಗಿಯ ಕೊನೆಗೆ ನೀಲಂ ಹಣ್ಣು ಬರುವಷ್ಟರಲ್ಲಿ ಸರಿಮಾಡಿ, ಆಗದಿದ್ದರೆ ಆಫೀಸಿಗೆ ಬನ್ನಿ ಎಂದು ಸಾಹೇಬರು ಹೊರಟರು. ಹೋಗುವಾಗ ಒಂದು ಬುಟ್ಟಿ ಬಾದಾಮಿ ತೆಗೆದುಕೊಂಡರು, ಯಂತ್ರವನ್ನು ಕೇಳಲಿಲ್ಲ.

ಅಂದಿನಿಂದ ಬೆಳಗಾದರೆ ಕೊಳೆತ ಹಣ್ಣನ್ನು ದೇವರ ಪ್ರಸಾದದ ಹಾಗೆ ಅಂಗೈಯಲ್ಲಿ ಹಿಡಿದು ಕುಳಿತೆ. ರಸ ಮೊಣಕೈವರೆಗೆ ಇಳಿಯಿತು, ನೊಣಗಳು ನನ್ನನ್ನೇ ಹಣ್ಣು ಎಂದುಕೊಂಡವು. ಒಳ್ಳೆಯದನ್ನು ಗೋಣಿಯ ಮೇಲೆ ಅನಾಥವಾಗಿ ಬಿಟ್ಟೆ. ಮತ್ತೆ ಮೊದಲಿನಿಂದ ಫೋಟೋ ತೆಗೆಯುತ್ತಿದ್ದ ಶೋಭಾಗೆ ಎದ್ದೇಳಲು ಬಿಡುವಿರಲಿಲ್ಲವಾದ್ದರಿಂದ ಅಡುಗೆಯೂ ನನ್ನ ತಲೆಗೇ ಬಂತು. ಯಾವುದನ್ನು ತಪ್ಪಿಸಿಕೊಳ್ಳಲು ಹೊರಟಿದ್ದೆನೋ ಅದನ್ನೇ ಮಾಡುತ್ತ ಕುಳಿತೆ. ಮಗ ಡೈರಿಯ ಪಕ್ಕದ ಹೋಟೆಲಿನಲ್ಲಿ ಉಣ್ಣತೊಡಗಿದ.

ನೀಲಂ ಬಂತು, ಸಾಹೇಬರೂ ಬಂದರು. ಕೈ ಇದ್ದರೂ ಇಲ್ಲದಿದ್ದರೂ ಯಂತ್ರ ಹಣ್ಣನ್ನೇ ನೋಡಿ ಹೇಳಿತು. ಪಾಸಾಯಿತು. ಶೋಭಾ ಇಲ್ಲೇ ಉಳಿದಳು, ಮುದ್ದೆ ಕೋಲು ನಾಳೆಯಿಂದ ತನ್ನದು ಎಂದಳು.

ಸಾಹೇಬರನ್ನು ಕಳಿಸಲು ಅವಳು ರಸ್ತೆಯವರೆಗೆ ಹೋದಾಗ ನನಗೊಂದು ಚಪಲ ಹುಟ್ಟಿತು. ಹಳೆಯ ಪರಿಚಯ, ಕನ್ನಡಕದ ಡಬ್ಬಿಯನ್ನೇ ಹಣ್ಣು ಎಂದು ಒಪ್ಪಿದ್ದ ಯಂತ್ರ. ಅಂದು ಮಾಡಿದ್ದ ಸಾರನ್ನು ಬಟ್ಟಲಿಗೆ ಬಗ್ಗಿಸಿ, ಅಂಗೈ ಮೇಲಿಟ್ಟು ಕ್ಯಾಮೆರಾದ ಮುಂದೆ ಹಿಡಿದೆ.

ಕೆಂಪು.

ಮಗನಾದರೂ ಬಾಯಿಗೆ ಹಾಕಿಕೊಂಡ ಮೇಲೆ ಹೇಳುತ್ತಾನೆ.