ಜಾಲಿಬೀಜದ ನಿದ್ದೆ

ಇಲ್ಲ, ಮೊದಲು ಬಂದದ್ದು ಮೇಕೆಯೇ, ಬೇಲಿಯ ಯೋಚನೆ ಆಮೇಲೆ. ಹೀಗೆ ಬರೆದ ಮೇಲೆ ಅದೂ ಅನುಮಾನವಾಗುತ್ತಿದೆ. ನನ್ನ ನೆನಪಿನ ಸ್ವಭಾವ ನನಗೆ ಗೊತ್ತು. ಅದು ಯಾವುದನ್ನೂ ಇದ್ದ ಹಾಗೆ ಇರಗೊಡುವುದಿಲ್ಲ. ನಾನು ಸುಮ್ಮನೆ ನಿಂತಿದ್ದ ಕಡೆಯೆಲ್ಲ ನನ್ನ ಬಾಯಲ್ಲಿ ಒಂದು ಚುರುಕು ಮಾತು ಇಡುತ್ತದೆ. ಆದ್ದರಿಂದ ಮುಂದೆ ನಾನೇನಾದರೂ ಜಾಣತನದಿಂದ ಮಾತಾಡಿದಂತೆ ಕಂಡರೆ ನಂಬಬೇಡಿ. ಹೆಂಡತಿ ರುಕ್ಮಿಣಿಯ ಮಾತುಗಳನ್ನು ಮಾತ್ರ ಧಾರಾಳವಾಗಿ ನಂಬಬಹುದು. ಅವನ್ನು ನಾನು ಮರೆಯದಂತೆ ಅವಳೇ ನೋಡಿಕೊಂಡಿದ್ದಾಳೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮಿಡಿಗೇಶಿಯಲ್ಲಿ ವಿಜ್ಞಾನದ ಮೇಷ್ಟ್ರು. ಬೆಟ್ಟದ ಬುಡಕ್ಕೆ ಬಾಡಿಗೆ ಮನೆ, ಹಿಂದೆ ಅಗಲವಾದ ಹಿತ್ತಿಲು, ಹಿತ್ತಿಲಲ್ಲಿ ರುಕ್ಮಿಣಿ ಹಾಕಿದ ಬದನೆ ಪಾತಿ, ಪಾತಿಯಲ್ಲಿ ಪಕ್ಕದ ಮನೆ ಈರಕ್ಕನ ಮೇಕೆಗಳು. ಒಣಮುಳ್ಳು ಎಳೆಸಿ ಬೇಲಿ ಹಾಕಿಸಿದರೆ ಅರ್ಧ ಗೆದ್ದಲಿಗಾಯಿತು, ಇನ್ನರ್ಧ ಯಾರದೋ ಒಲೆಗಾಯಿತು. ದಿನ ಬೆಳಗಾದರೆ ಹಿತ್ತಿಲಲ್ಲಿ ನ್ಯಾಯ.

‘ನಾನು ಬದನೆ ಹಾಕಿದ್ದು ನಮಗೋ, ನಿನ್ನ ಮೇಕೆಗೋ ಈರಕ್ಕ?’

‘ಮೂಗ್ಜೀವ ಕಣಮ್ಮ. ಅದುಕ್ಕೇನ್ ಗೊತ್ತು, ನಿಮ್ದು ನಮ್ದು ಅಂತ?’

‘ನಿಮ್ಮನೇದು ಮಾತ್ರ ತಿನ್ನಲ್ಲವಲ್ಲ, ಅದು ಹೇಗೆ ಗೊತ್ತಾಯ್ತು?’

‘ನಮ್ಮನೇಲಿ ತಿನ್ನಾಕೆ ಏನೈತೆ ಹೇಳು!’

ಈರಕ್ಕನಿಗೆ ಅವಳದೇ ಆದ ಒಂದು ಪದ್ಧತಿಯಿತ್ತು. ಮೇಕೆ ಮೇಯ್ದಾಗಲೆಲ್ಲ ದೊಡ್ಡಿಯಿಂದ ಒಂದು ಮಂಕರಿ ಹಿಕ್ಕೆಗೊಬ್ಬರ ತಂದು ಪಾತಿಗೆ ಸುರಿದು, ‘ತಗಳಮ್ಮ, ತಿಂದಿದ್ನೆಲ್ಲ ವಾಪಸ್ ತಂದ್ಕೊಟ್ಟಿವ್ನಿ’ ಎಂದು ಕೈ ಒದರಿಕೊಂಡು ಹೋಗುವಳು. ಗೊಬ್ಬರಕ್ಕೆ ಬದನೆ ಚೆನ್ನಾಗಿ ಬರುತ್ತಿತ್ತು. ಚೆನ್ನಾಗಿ ಬಂದ ಬದನೆಯನ್ನು ಮೇಕೆ ಇನ್ನೂ ಚೆನ್ನಾಗಿ ಮೇಯುತ್ತಿತ್ತು.

ಕೊನೆಗೊಂದು ದಿನ ರುಕ್ಮಿಣಿ ತೀರ್ಪು ಕೊಟ್ಟಳು. ‘ಗೌರಿಹಬ್ಬದ ಹೊತ್ತಿಗೆ ಬೇಲಿಯ ಮೊಳಕೆಯಾದರೂ ಕಾಣಬೇಕು. ಇಲ್ಲದಿದ್ದರೆ ಮಧುಗಿರಿಯಲ್ಲಿ ಮನೆ ನೋಡಿ. ನೀವು ಬೇಕಾದರೆ ಇಲ್ಲೇ ಇರಿ.’ ಅವಳು ಸಿರಾ ಪೇಟೆಯಲ್ಲಿ ಬೆಳೆದವಳು, ಅಂಗಡಿ ಬೀದಿಯ ಸದ್ದಿಲ್ಲದೆ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ. ನನ್ನ ಕಷ್ಟ ಬೇರೆ. ಮೊದಲ ಗಂಟೆ ಹೊಡೆದ ಮೇಲೆ ಮನೆ ಬಿಟ್ಟು ಎರಡನೆಯ ಗಂಟೆಗೆ ತರಗತಿಯಲ್ಲಿರುವ ಸುಖ ಕಂಡವನು ನಾನು. ಮಧುಗಿರಿಗೆ ಹೋದರೆ ಬೆಳಗಿನ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಬರಬೇಕಿತ್ತು. ಹೋಗದಿದ್ದರೆ ನಾನೇ ಅನ್ನ ಮಾಡಿಕೊಳ್ಳಬೇಕಿತ್ತು.

ಜಾಲಿಯ ಜೀವಂತ ಬೇಲಿಯನ್ನೇ ಎಬ್ಬಿಸುತ್ತೇನೆಂದು ಹೊರಟೆ. ಚೀಲದ ತುಂಬ ಜಾಲಿಕಾಯಿ ತಂದು, ಒಳ್ಳೊಳ್ಳೆಯವನ್ನು ಒಡೆದು ಬೀಜ ತೆಗೆದು ಬೇಲಿಯ ಗೆರೆಗೆ ಬಿತ್ತಿ, ಉಳಿದ ಕಾಯಿಗಳನ್ನು ಈರಕ್ಕನ ದೊಡ್ಡಿಯ ಕಡೆಗೆ ಎಸೆದೆ. ಬೀಜ ಮೊಳೆಯಲು ನೀರು, ಗಾಳಿ, ಹದವಾದ ಶಾಖ ಬೇಕೆಂದು ವರ್ಷ ವರ್ಷವೂ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಹತ್ತಿಯಲ್ಲಿಟ್ಟ ಕಡಲೆಕಾಳು ಒಮ್ಮೆಯೂ ನನ್ನ ಮಾನ ಕಳೆದಿರಲಿಲ್ಲ. ಆದರೆ ಜಾಲಿ ನನ್ನ ಪಾಠ ಕೇಳಿದಂತೆ ಕಾಣಲಿಲ್ಲ. ಕೆದಕಿ ನೋಡಿದರೆ ಬೀಜಗಳು ತೊಳೆದು ಒರೆಸಿಟ್ಟ ಹಾಗೆ ಹೊಳೆಯುತ್ತಾ ಮಲಗಿದ್ದವು. ಪಠ್ಯಪುಸ್ತಕ ತೆಗೆದೆ. ಪರೀಕ್ಷೆಗೆ ಬರುವುದಿಲ್ಲವೆಂದು ನಾನು ಯಾವಾಗಲೂ ಹಾರಿಸುತ್ತಿದ್ದ ಒಂದು ಸಾಲು ಅಲ್ಲಿತ್ತು: ಕೆಲವು ಬೀಜಗಳು ಎಲ್ಲ ಅನುಕೂಲವಿದ್ದರೂ ಮೊಳೆಯುವುದಿಲ್ಲ, ಇದಕ್ಕೆ ಸುಪ್ತಾವಸ್ಥೆ ಎಂದು ಹೆಸರು. ಎಬ್ಬಿಸುವುದು ಹೇಗೆಂದು ಮುಂದಿನ ಸಾಲಿನಲ್ಲಿ ಹುಡುಕಿದರೆ ಅಲ್ಲಿ ಹೊಸ ಅಧ್ಯಾಯ ಶುರುವಾಗಿತ್ತು. ಕಾಯಿಲೆಯ ಹೆಸರು ಹೇಳಿ ಚೀಟಿ ಬರೆಯದೆ ಎದ್ದುಹೋದ ಡಾಕ್ಟರಂತೆ.

‘ಮಜ್ಜಿಗೇಲಿ ನೆನೆಹಾಕಿ ಸಾರ್, ಅಂತೇ, ಇಂಕೇಮಿ?’ ಎಂದರು ಪಾವಗಡದ ಕಡೆಯ ನಮ್ಮ ಡ್ರಿಲ್ ಮೇಷ್ಟ್ರು, ‘ಅಷ್ಟೇ, ಇನ್ನೇನು’ ಎಂಬುದನ್ನು ತಮ್ಮ ತೆಲುಗಿನಲ್ಲಿ. ಅವರು ಎಲ್ಲ ಸಮಸ್ಯೆಗೂ ಮಜ್ಜಿಗೆ ಹೇಳುವವರು. ನೆನೆಹಾಕಿದೆ, ಬೀಜ ಹುಳಿಯಾಯಿತು. ಕುದಿನೀರು ಹೊಯ್ದೆ; ಬೆಂದೇ ಹೋಯಿತೋ ಏನೋ. ಒರಳಿಗೆ ಹಾಕಿ ಉಜ್ಜೋಣವೆಂದು ಕೂತಾಗ ರುಕ್ಮಿಣಿ ಬಂದಳು. ‘ಅದೂ ಮಲಗಲಿ, ನೀವೂ ಮಲಗಿ, ಒರಳೊಂದನ್ನ ಬಿಡಿ’ ಎಂದಳು. ಅಂದಿನಿಂದ ಹಿತ್ತಾಳೆ ಪಾತ್ರೆಗಳು ಒಂದೊಂದಾಗಿ ಹಳೆ ಸೀರೆ ಸುತ್ತಿಕೊಂಡು ಟ್ರಂಕು ಸೇರತೊಡಗಿದವು. ಮಧುಗಿರಿಯಲ್ಲಿ ಮನೆಯೂ ಗೊತ್ತಾಯಿತು.

ಹಬ್ಬಕ್ಕೆ ಇನ್ನೇನು ಎರಡು ಮೂರು ದಿನ ಎನ್ನುವಾಗ ಹದ ಮಳೆ ಬಿತ್ತು. ಬೆಳಿಗ್ಗೆ ಹಿತ್ತಿಲಿಗೆ ಹೋದವಳು ‘ರೀ!’ ಎಂದು ಕೂಗಿದಳು. ಬದನೆ ಪಾತಿಯ ತುಂಬ ಎಳೆ ಹಸಿರು. ನಾಚಿಕೆಮುಳ್ಳು ಎಂದುಕೊಂಡು ಬಗ್ಗಿ ನೋಡಿದೆ. ಜಾಲಿ! ಗೊಬ್ಬರದ ಹಿಕ್ಕೆಯನ್ನೇ ಸೀಳಿಕೊಂಡು, ಒಂದರ ಪಕ್ಕ ಒಂದು. ಬೇಲಿಯ ಗೆರೆಯಲ್ಲಿ ಮಾತ್ರ ಒಂದೂ ಇಲ್ಲ.

ಸದ್ದು ಕೇಳಿ ಬಂದ ಈರಕ್ಕ ಮೊಳಕೆ ಕಿತ್ತು, ಬುಡಕ್ಕಂಟಿದ ಹಿಕ್ಕೆ ನೋಡಿ, ಸೊಂಟ ಹಿಡಿದುಕೊಂಡು ನಕ್ಕಳು. ‘ಎಲ್ಲಾ ನಮ್ ಮೇಕೆ ಹೊಟ್ಟೇಲಿ ಓದ್ಕೊಂಡ್ ಬಂದವು ಕಣ್ ಮೇಷ್ಟ್ರೇ! ನಿಮ್ಮ ಸ್ಕೂಲ್ಗೆ ಹೋದವು ಇನ್ನೂ ಅಂಗೇ ಬಿದ್ದವೆ!’

‘ಮೊಳಕೆ ಕಂಡಿತಲ್ಲ, ಹಬ್ಬಕ್ಕೆ ಮುಂಚೆಯೇ. ಎಲ್ಲಿ ಕಾಣಬೇಕೆಂದು ನೀನು ಹೇಳಿರಲಿಲ್ಲ’ ಎಂದು ನಾನು ವಾದಿಸಿದೆ. (ಇದು ಚುರುಕು ಮಾತು, ಆಡಿದೆನೋ ಇಲ್ಲವೋ.)

‘ಬೇಲಿ ಎದ್ದದ್ದು ಪಾತಿಯ ಒಳಗೆ. ಇನ್ನು ಮೇಕೆಗೆ ತೊಂದರೆಯಿಲ್ಲ, ಬದನೆ ಕೀಳೋಕೆ ನನ್ನ ಕೈ ಹೋಗಲ್ಲ ಅಷ್ಟೆ’ ಎಂದಳು ರುಕ್ಮಿಣಿ. ‘ಸ್ಕೂಲಿಗೆ ಹೋಗುವಾಗ ಸಾಮಾನು ಸಾಗಿಸೋಕೆ ಗಾಡಿಯವನಿಗೆ ಹೇಳಿಬಿಡಿ.’

ಹೇಳಿದೆ. ಆ ದಿನ ಏನು ಪಾಠ ಮಾಡಿದೆನೋ ಗೊತ್ತಿಲ್ಲ. ಸಂಜೆ ಮನೆಗೆ ಬರುವಾಗ ಬಸ್ಸಿನ ಬಾಗಿಲ ಸರಳು ಆಗಲೇ ಅಂಗೈಗೆ ಒತ್ತುತ್ತಿತ್ತು.

ಒಳಗೆ ಬಂದರೆ ಹಿತ್ತಾಳೆ ಪಾತ್ರೆಗಳೆಲ್ಲ ಗೋಡೆಯ ಗೂಡಿನಲ್ಲಿ ಸಾಲಾಗಿ ಕೂತಿವೆ. ಟ್ರಂಕು ಖಾಲಿ. ಒಗ್ಗರಣೆಯ ವಾಸನೆ. ಹಿತ್ತಿಲಲ್ಲಿ ರುಕ್ಮಿಣಿ, ಈರಕ್ಕ ಇಬ್ಬರೂ ಸೆರಗು ಕಟ್ಟಿ ಬಗ್ಗಿಕೊಂಡು ಪಾತಿಯ ಜಾಲಿ ಕೀಳುತ್ತಾ ಏನೋ ಹೇಳಿಕೊಂಡು ನಗುತ್ತಿದ್ದಾರೆ. ನನ್ನನ್ನು ಕಂಡೊಡನೆ ಮಾತು ನಿಂತಿತು. ‘ಗಾಡಿ?’ ಎಂದೆ. ‘ಬೇಡ ಅಂತ ಹೇಳಿಕಳಿಸಿದೀನಿ. ಕೈಕಾಲು ತೊಳ್ಕೊಳ್ಳಿ’ ಎಂದಳು.

ಕೊರಟಗೆರೆಗೆ ವರ್ಗವಾಗುವವರೆಗೂ ಅದೇ ಮನೆಯಲ್ಲಿದ್ದೆವು. ಬೇಲಿ ಏಳಲೇ ಇಲ್ಲ. ಮೇಕೆಗಳು ಬರುತ್ತಲೇ ಇದ್ದವು. ಆ ಹಗಲು, ನಾನು ಮನೆ ಬಿಟ್ಟು ಮನೆ ಸೇರುವುದರೊಳಗೆ ಏನಾಯಿತೆಂದು ಎಷ್ಟೋ ಸಲ ಕೇಳಿದ್ದೇನೆ. ಮಧುಗಿರಿ ಮನೆಯ ಬಾವಿ ಉಪ್ಪು ಎಂದು ಒಮ್ಮೆ ಹೇಳಿದ್ದಾಳೆ, ಟ್ರಂಕಿನ ಬೀಗ ಕೆಟ್ಟಿತ್ತು ಎಂದು ಇನ್ನೊಮ್ಮೆ. ನಿಮಗೋಸ್ಕರ ಅಲ್ಲ ಎಂಬುದನ್ನು ಮಾತ್ರ ಪ್ರತಿ ಸಲವೂ ಸೇರಿಸಿದ್ದಾಳೆ. ಅವಳು ಯಾಕೆ ಉಳಿದಳೋ ನನಗೆ ಗೊತ್ತಿಲ್ಲ.