ಮುಟ್ಟಬಾರದ ಹೊಟ್ಟೆ

ಒಂದೂರಲ್ಲಿ ನಾಲ್ಕು ದಿನ ನಿಲ್ಲದ ನನ್ನಂಥವನನ್ನು ರೋಗಿಯ ಕಾವಲಿಗೆ ಕೂರಿಸಿದರೆ ಇಂಥವು ನಡೆಯದೆ ಇನ್ನೇನಾಗುತ್ತೆ? ಟಿ. ನರಸೀಪುರದ ನಮ್ಮ ಬಾವನಿಗೆ ಕರುಳಲ್ಲಿ ಹುಣ್ಣು, ಉರಿ, ವರ್ಷಗಟ್ಟಲೆ ಮಾತ್ರೆ. ಕೊನೆಗೆ ಕೊಯ್ಯಲೇಬೇಕಾಯಿತು. "ನಿಂಗೆಂಗೂ ಕೆಲ್ಸ ಇಲ್ವಲ್ಲ" ಅಂತ ಅಕ್ಕ ನನ್ನನ್ನೇ ಜೊತೆಗೆ ಅಟ್ಟಿದಳು.

೧. ಕ್ಷೌರ

"ಹೊಟ್ಟೆಗೆ ರೇಜರ್ ತಾಗಿಸಬೇಡಿ, ಗೀರಾದರೆ ಅಲ್ಲೇ ಸೋಂಕು. ಕೂದಲು ನಾವೇ ಮೆಷಿನ್ನಲ್ಲಿ ತೆಗೀತೀವಿ" ಎಂದಿದ್ದರು ಡಾಕ್ಟರು. ಬಾವ ಹರಕೆಯ ಮುಡಿ ಕೊಡಲು ನಂಜನಗೂಡಿಗೆ ಹೋದವರು, ತಲೆ ಮುಗಿದ ಮೇಲೆ ಅದೇ ಕತ್ತಿಯಲ್ಲಿ ಹೊಟ್ಟೆಯನ್ನೂ ಬೋಳಿಸಿಕೊಂಡು ಬಂದರು. ಗೀರು ನೋಡಿ ಡಾಕ್ಟರು ಆಪರೇಷನ್ನನ್ನೇ ಮುಂದಕ್ಕೆ ಹಾಕಿದರು.

"ಯಾಕ್ರೀ ಹಿಂಗೆ ಮಾಡಿದ್ರಿ?"

"ದೇವ್ರಿಗೆ ತಲೆ, ನಿಮಗೆ ಹೊಟ್ಟೆ ಸಾ. ಯಾರಿಗೂ ಬೇಜಾರಾಗ್ಬಾರ್ದು ಅಂತ."

೨. ತಣ್ಣನೆ ಹಣೆ

ಆಪರೇಷನ್ ಮುಗಿದು ಮನೆಗೆ ಕಳಿಸುವಾಗ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಇವರ ಮಾತ್ರೆ ಜ್ವರಾನ ಬಚ್ಚಿಟ್ಬಿಡುತ್ತೆ. ಒಳಗೆ ಕೀವಾದ್ರೂ ಮೈ ತಣ್ಣಗೇ ಇರ್ಬೋದು. ಗಾಯ ಕೆಂಪಾದ್ರೆ, ನೋವು ಜಾಸ್ತಿಯಾದ್ರೆ ತಕ್ಷಣ ಕರ್ಕೊಂಡ್ಬನ್ನಿ" ಅಂದಳು. ಅವತ್ತಿಂದ ಆ ತಣ್ಣನೆ ಹಣೆ ಮುಟ್ಟಿದರೇ ನನಗೆ ದಿಗಿಲು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತು. ಬಾವ ಅಲ್ಲಾಡುತ್ತಿಲ್ಲ. ಉಸಿರು ಬಿಗಿಹಿಡಿದು ಅವರ ಮೂಗಿನ ಹತ್ತಿರ ಬೆರಳು ಒಯ್ದೆ. ಕಣ್ಣು ತಟ್ಟನೆ ತೆರೆಯಿತು.

"ನಾನೂ ಆವಾಗ್ಲಿಂದ ಅರೆಗಣ್ಣಲ್ಲಿ ನಿನ್ನನ್ನೇ ನೋಡ್ತಾ ಇವ್ನಿ. ಉಸಿರೇ ಆಡ್ತಿಲ್ವಲ್ಲೋ ನೀನು!"

೩. ಪಕ್ಕದವನು

ಸೋಸಲೆಯಿಂದ ಸೋದರತ್ತೆ ಬಂದರು. ಬಸ್ಸಿಳಿದು ಬಂದವರೇ ಕೈಯನ್ನೂ ತೊಳೆಯದೆ ಬ್ಯಾಂಡೇಜಿನ ಅಂಚು ಎತ್ತಿ, "ಒಂಚೂರು ಇಬೂತಿ ಮೆತ್ಬುಡ್ತೀನಿ ಕಣ್ಲಾ" ಅಂದರು.

"ಬೇಡ ಅತ್ತೆ, ಸೋಂಕಾಗುತ್ತೆ."

"ಇಬೂತಿಗಿಂತ ಚೊಕ್ಕ ಇನ್ನೇನ್ಲಾ ಐತೆ?"

ಬೇರೆ ದಾರಿ ಕಾಣದೆ ಸುಳ್ಳು ಬಿಟ್ಟೆ: "ಆಸ್ಪತ್ರೇಲಿ ಪಕ್ಕದ ಮಂಚದೋನು ಸತ್ತೋದ ಅತ್ತೆ. ಬಾವನ ಹಿಂದೇನೇ ಬಂದವ್ನೆ. ಗಾಯ ಮುಟ್ಟಿದೋರನ್ನ ಹಿಡ್ಕೊಳ್ತಾನೆ."

ಅತ್ತೆಯ ಕೈ ಅಲ್ಲೇ ನಿಂತಿತು. ನನ್ನ ಹೆಗಲಾಚೆ ದಿಟ್ಟಿಸಿದರು.

"ಸಣಕಲ ಮೈ, ನೀಲಿ ಲುಂಗಿನಾ?"

"ಯಾ... ಯಾಕತ್ತೆ?"

"ನಿನ್ನ ಪಕ್ಕದಾಗೇ ನಿಂತವ್ನೆ."

ಆಮೇಲೆ ನೆಂಟರೆಲ್ಲ ಹೊಸಿಲಾಚೆಯಿಂದಲೇ ಬಾವನನ್ನು ಮಾತಾಡಿಸಿ ಹೋದರು. ಅತ್ತೆ ಮಾತ್ರ ದಿನಾ ನನಗೊಂದು, ನನ್ನ ಪಕ್ಕಕ್ಕೊಂದು ಲೋಟ ಕಾಫಿ ಇಟ್ಟರು. ಆ ಲೋಟದ ಕಡೆ ನಾನು ತಿರುಗಿಯೂ ನೋಡಲಿಲ್ಲ.

ಹೊಲಿಗೆ ಬಿಚ್ಚುವ ದಿನ ಡಾಕ್ಟರು ಗಾಯ ಒತ್ತಿ ನೋಡಿ, "ಒಂದು ಹನಿ ಕೀವಿಲ್ಲ! ಯಾರ್ರೀ ಇಷ್ಟು ಚೆನ್ನಾಗಿ ನೋಡ್ಕೊಂಡಿದ್ದು?" ಎಂದರು.

ಬಾವ ನನ್ನನ್ನೂ, ನನ್ನ ಪಕ್ಕದ ಖಾಲಿ ಕುರ್ಚಿಯನ್ನೂ ತೋರಿಸಿದರು.

"ಇವರಿಬ್ರೂ ಸಾ."