ಬೇಕೂಂತ ಮಾಡಿದ್ದು ಸೇರುವುದಿಲ್ಲ

ವಿಮೆ ಏಜೆಂಟನ ಗ್ರಹಚಾರ ನೋಡಿ: ಯಾವುದಕ್ಕೆ ದುಡ್ಡಿಲ್ಲ ಎಂದು ಪಾಲಿಸಿಯಲ್ಲಿ ಬರೆದಿರುತ್ತದೋ, ಜನ ಹುಡುಕಿಕೊಂಡು ಹೋಗಿ ಅದನ್ನೇ ಮಾಡುತ್ತಾರೆ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ನಾನು ಮೂಡಿಗೆರೆ, ಕಳಸದ ಏರುಗಳಲ್ಲಿ ಸೈಕಲ್ ತಳ್ಳಿಕೊಂಡು ಹೋಗಿ ಮಾರುತ್ತಿದ್ದದ್ದು ಹೊಣೆ ವಿಮೆ. ಅಂದರೆ, ನಮ್ಮಿಂದ ಬೇರೆಯವರಿಗೆ ನಷ್ಟವಾದರೆ ಕಂಪೆನಿ ಕಟ್ಟಿಕೊಡುತ್ತದೆ. ಮಾವನವರು ಕೊಡಿಸಿದ್ದ, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಬಿಟ್ಟು ಇದಕ್ಕೆ ಇಳಿದಿದ್ದೆ. ಕಾಫಿ ಕುಯ್ಲಿಗೆ ಮುಂಚೆ ಹತ್ತು ಪಾಲಿಸಿ ಆಗದಿದ್ದರೆ ಏಜೆನ್ಸಿ ರದ್ದು ಎಂದು ಕಂಪೆನಿ ಹೇಳಿತ್ತು. ಒಂಬತ್ತಕ್ಕೆ ಬಂದು ನಿಂತಿದ್ದೆ. ಹತ್ತನೆಯದು ಸಿಗದಿದ್ದರೆ ಮತ್ತೆ ಮಾವನವರ ಮುಂದೆ ಹೋಗಬೇಕು. ಅವರು ಬೈಯುವವರಲ್ಲ, ನಗುವವರು. ನನಗೆ ಅದೇ ಭಯ.

ಮೂರನೆಯವರು

ಜಾವಳಿ ಕಡೆಯ ಒಬ್ಬ ಗೌಡರು ನನ್ನ ಮೊದಲ ಗಿರಾಕಿ. ನಷ್ಟವಾದವರನ್ನು ಕಂಪೆನಿಯವರು ‘ಥರ್ಡ್ ಪಾರ್ಟಿ’ ಎನ್ನುತ್ತಾರೆ. ನಾನು ಅದನ್ನು ‘ಮೂರನೆಯವರು’ ಎಂದು ಕನ್ನಡ ಮಾಡಿ ಹೇಳಿದ್ದೆ. ಎಡವಟ್ಟಾಗಿದ್ದು ಅಲ್ಲೇ.

ಗೌಡರ ಹೋರಿ ಮೇಲಿನ ಮನೆಯವರ ಬೇಲಿ ಮುರಿದು ಬಾಳೆಗಿಡ ತಿಂದಿತು. ವಾರ ಬಿಟ್ಟು ಕೆಳಗಿನ ಮನೆಯವರ ಹುಲ್ಲಿನ ಬಣವೆ ಕೆಡವಿತು. ಸುದ್ದಿ ಸಂತೆಯಲ್ಲಿ ಯಾರೋ ಹೇಳಿ ನನಗೆ ತಿಳಿಯಿತು. ಓಡಿದೆ.

“ಗೌಡ್ರೇ, ನಂಗೊಂದು ಮಾತು ಹೇಳ್ಬಾರ್ದಿತ್ತಾ? ಕಂಪೆನಿ ಕೊಡ್ತಿತ್ತಲ್ಲ!”

“ನೀನೇ ಹೇಳಿದ್ಯಲ್ಲ ಮಾರಾಯ, ಮೂರನೆಯವ್ರಿಗಾದ್ರೆ ಮಾತ್ರ ಅಂತ. ಇನ್ನೂ ಎರಡೇ ಆಗಿದ್ದು.”

ಕೊಟ್ಟಿಗೆ ಕಡೆ ನೋಡಿದೆ. ಗೂಟ ಖಾಲಿ.

“ಹೋರಿ ಎಲ್ಲಿ?”

“ಅದಕ್ಕೇ ಬಿಟ್ಟಿದೀನಿ.”

ಒಂದೇ ಒಲೆ

ಸ್ವಂತ ಮನೆಯವರಿಗೆ ಆದ ನಷ್ಟವೂ ಪಾಲಿಸಿಗೆ ಸೇರುವುದಿಲ್ಲ. ವಸ್ತಾರೆ ಹತ್ತಿರ ಸ್ವತಃ ತೋಟ ನಡೆಸುತ್ತಿದ್ದ ನನ್ನ ಗಿರಾಕಿ ಒಬ್ಬ ಅಮ್ಮನವರು ದೋಟಿಯಲ್ಲಿ ಹಲಸಿನಹಣ್ಣು ಕೆಡವಿದರು. ಅದು ಮರದಡಿ ಹಾಡು ಕೇಳುತ್ತಿದ್ದ ಮೈದುನನ ಹೊಸ ಗ್ರಾಮಾಫೋನಿನ ಮೇಲೆ ಬಿತ್ತು.

“ಒಂದೇ ಮನೇಲಿದ್ರೆ ಸೇರೋದಿಲ್ಲಮ್ಮ,” ಎಂದೆ.

“ಮನೆ ಒಂದೇ ಹೌದು. ಪಾಲಾಗಿ ಒಲೆ ಬೇರೆಯಾಗಿ ಮೂರು ವರ್ಷ ಆಯ್ತು.”

ಒಲೆ ಬೇರೆಯಾದರೆ ನಮ್ಮಲ್ಲಿ ಮನೆ ಬೇರೆಯಾದ ಲೆಕ್ಕ. ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ಮೈದುನ ಒಳಗಿಂದ ಕೂಗಿದ: “ಅತ್ತಿಗೇ, ನನ್ನ ಕಾಫಿ?”

ನಾನು ಅಮ್ಮನವರ ಮುಖ ನೋಡಿದೆ. ಅವರು ಸ್ವಲ್ಪವೂ ಅಳುಕಲಿಲ್ಲ.

“ಊಟಕ್ಕೆ ಬೇರೆ. ಕಾಫಿಗೆ ಮಾತ್ರ ಒಂದೇ ಒಲೆ. ಅವನ ಹೆಂಡ್ತಿ ಡಿಕಾಕ್ಷನ್ ಬರೀ ನೀರು. ಕಾಫಿ ಬೆಳೆಯೋರು ಅದನ್ನ ಕುಡಿಯೋಕಾಗ್ತದಾ?”

ನಾನು ಪೆನ್ಸಿಲ್ ಜೇಬಿಗೆ ಸೇರಿಸಿದ್ದು ನೋಡಿ ಅವರಿಗೇ ಪಾಪ ಎನ್ನಿಸಿತು.

“ಬರ್ಕೊಳ್ಳಿ. ಹಲಸು ಬಿದ್ದಿದ್ದು ಊಟದ ಹೊತ್ತಿಗೆ.”

ಗುರಿ

ಕುಯ್ಲಿಗೆ ಹದಿನೈದು ದಿನ ಇತ್ತು. ಕಳಸದ ಹತ್ತಿರ ನನ್ನ ಒಂಬತ್ತನೆಯ ಗಿರಾಕಿ ಒಬ್ಬ ಸಾಹುಕಾರರು, ದೊಡ್ಡ ಶಿಕಾರಿ. ಒಂದು ಬೆಳಗ್ಗೆ ಕೆಸುವಿನ ಗೆಡ್ಡೆ ಅಗೆಯುತ್ತಿದ್ದ ಹಂದಿಗೆ ಕೋವಿ ಹಾರಿಸಿದರು. ಹಂದಿ ಕಾಡು ಸೇರಿತು. ಗುಂಡು ಪಕ್ಕದ ಮನೆಯ ಅಜ್ಜಿ ಹುಣಸೆಹುಳಿ ಹಚ್ಚಿ ಬೆಳಗಿಟ್ಟಿದ್ದ ತಾಮ್ರದ ಹಂಡೆಯನ್ನು ತೂತು ಮಾಡಿತು. ಅಜ್ಜಿಯ ಮನೆಯಲ್ಲಿ ಮೊಮ್ಮಗಳ ಬಾಣಂತನ, ದಿನಾ ಹಂಡೆಗಟ್ಟಲೆ ಬಿಸಿನೀರು ಬೇಕು.

ತನಿಖೆಗೆ ಬೆಂಗಳೂರಿನಿಂದ ಕಂಪೆನಿಯ ಇನ್ಸ್‌ಪೆಕ್ಟರು ಬಂದರು. ಊರೆಲ್ಲ ಅಂಗಳದಲ್ಲಿ ನಿಂತಿತ್ತು. ಹಂಡೆಗೆ ದುಡ್ಡು ಬಂದರೆ ಅಲ್ಲೇ ಯಾರಾದರೂ ಹತ್ತನೆಯವರಾಗುತ್ತಾರೆ, ಬರದಿದ್ದರೆ ನನ್ನ ಕಥೆ ಮುಗಿಯಿತು.

“ಗುರಿ ತಪ್ಪಿ ಹಂಡೆಗೆ ಬಿತ್ತು, ಅಲ್ವಾ?” ಎಂದರು ಇನ್ಸ್‌ಪೆಕ್ಟರು.

ಸಾಹುಕಾರರ ಮೀಸೆ ನಡುಗಿತು. “ಯಾರ ಗುರಿ ತಪ್ಪಿದ್ದು? ನಲವತ್ತು ವರ್ಷದಲ್ಲಿ ನಂದೊಂದು ಈಡು ತಪ್ಪಿಲ್ಲ!”

“ಹಾಗಾದ್ರೆ ಹಂಡೆಗೇ ಹೊಡೆದ್ರಾ?”

“ಹಂಡೆಗೇ ಹೊಡೆದೆ ಅಂತ ಬರ್ಕೊಳ್ಳಿ!”

“ಬೇಕೂಂತ ಮಾಡಿದ್ದು ಸೇರೋದಿಲ್ಲ,” ಎಂದು ಇನ್ಸ್‌ಪೆಕ್ಟರು ಪುಸ್ತಕ ಮುಚ್ಚಿದರು.

ನಾನು ಕೈಮುಗಿದೆ. “ಸಾವ್ಕಾರ್ರೇ, ಒಂದೇ ಒಂದು ಸಲ ತಪ್ಪಿತು ಅನ್ನಿ.”

“ನನ್ನ ಹೆಣದ ಮುಂದೆ ಕೇಳು ಆ ಮಾತು.”

ಆಗ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. “ಇವ್ರು ತಪ್ಪಿದ್ದಲ್ಲ ಸ್ವಾಮೀ. ನಾನೇ ನೋಡಿದ್ದು. ಗುರಿ ಸರೀ ಇತ್ತು. ಹಂದಿ ಸರ್ಕೊಂಡ್ತು.”

ಸಾಹುಕಾರರು ಮೀಸೆ ತಿರುವಿದರು. “ಹಾಂ! ತಪ್ಪು ಹಂದೀದು.”

ಇನ್ಸ್‌ಪೆಕ್ಟರು ನಕ್ಕು ಪುಸ್ತಕ ಬಿಚ್ಚಿದರು. ಹಂಡೆಗೆ ದುಡ್ಡು ಮಂಜೂರಾಯಿತು. ನನಗೆ ಅಜ್ಜಿಯ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

“ನನ್ಗೂ ಒಂದು ಬರಿ ಮಗಾ,” ಎಂದರು ಅಜ್ಜಿ. “ಏಲಕ್ಕಿ ಮಾರಿದ ದುಡ್ಡುಂಟು.”

ಹತ್ತನೆಯದು! ಥಟ್ಟನೆ ಫಾರಂ ತೆಗೆದೆ. “ನಿಮ್ಮಿಂದ ಯಾರಿಗೆ ಎಂತ ನಷ್ಟ ಆಗ್ತದೆ ಅಜ್ಜೀ?”

“ಇವ್ರು ಇನ್ನೊಂದ್ಸಲ ನನ್ನ ಹಂಡೆಗೆ ಹೊಡೀಲಿ. ಒನಕೆ ತಗೊಂಡು ತಲೆಗೇ ಹಾಕ್ತೀನಿ.”

“ಅಯ್ಯೋ, ಬೇಕೂಂತ ಮಾಡಿದ್ದು ಸೇರೋದಿಲ್ಲ ಅಜ್ಜೀ!”

“ಬೇಕೂಂತ ಯಾರು ಹಾಕ್ತಾರೆ? ನಾನು ಹಂದಿಗೇ ಬೀಸೋದು. ಹಂದಿ ಸರ್ಕೊಂಡ್ರೆ ನಾನೆಂತ ಮಾಡ್ಲಿ?”